ಒಂದು ಹಾಳೆಯ ಬಿನ್ನಹ

ರಾಣೆಬೆನ್ನೂರಿಗೂ ಬ್ಯಾಡಗಿಗೂ ನಡುವೆ ರೈಲುಹಾದಿಯಲ್ಲಿ ದೇವರಗುಡ್ಡವೆಂಬ ಸಣ್ಣ ನಿಲ್ದಾಣವೊಂದುಂಟು. ಆ ಊರಿನ ಗುಡ್ಡದ ಮೇಲೆ ಮಾಲತೇಶನ ಗುಡಿ. ನವರಾತ್ರಿಯ ಕೊನೆಗೆ, ಆಯುಧಪೂಜೆಯ ದಿನ, ಅಲ್ಲಿ ನಡೆಯುವ ಕಾರಣಿಕವನ್ನು ಕೇಳಲು ಸುತ್ತಣ ಜಿಲ್ಲೆಗಳಿಂದ ಜನ ಕಿಕ್ಕಿರಿದು ನೆರೆಯುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರವಾದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಅಷ್ಟು ಹೊತ್ತಿನ ಗದ್ದಲ ತಟಕ್ಕನೆ ಅಡಗುತ್ತದೆ. ಆತ ನುಡಿಯುವುದು ಒಂದೇ ಒಂದು ಮಾತು. ಮರುಗಳಿಗೆಯಲ್ಲಿ ಆತ ಮೇಲಿನಿಂದ ಕೆಳಗೆ ಬೀಳುತ್ತಾನೆ; ಭಕ್ತರು ಕೈಯೊಡ್ಡಿ ಹಿಡಿದುಕೊಳ್ಳುತ್ತಾರೆ. ವರ್ಷದ ಮಳೆ, ಬೆಳೆ, ರಾಜಕಾರಣ ಎಲ್ಲವೂ ಆ ಒಂದು ಮಾತಿನಲ್ಲಿ ಅಡಗಿದೆಯೆಂಬುದು ಜನರ ನಂಬುಗೆ. ಅದರ ಅರ್ಥ ಇಂಥದೇ ಎಂದು ಊರೂರ ಕಟ್ಟೆಗಳಲ್ಲಿ ಆಮೇಲೆ ಎಷ್ಟೋ ದಿನ ಚರ್ಚೆ ನಡೆಯುವುದುಂಟು.

ಈ ಲೇಖನದ ವಿಷಯ ಕಾರಣಿಕವಲ್ಲ. ಅದೇ ದೇವರಗುಡ್ಡದ ಸುತ್ತಮುತ್ತಲ ಹಳ್ಳಿಗಳಿಂದ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯ ಕಾಲೇಜುಗಳಿಗೆ ಬಸ್ಸು ಹಿಡಿದು ಬರುವ ತರುಣ ತರುಣಿಯರು ಪದವಿ ಮುಗಿಸಿದ ಮೇಲೆ ಬರೆಯಬೇಕಾಗಿ ಬರುವ ಒಂದು ಹಾಳೆಯ ವಿಚಾರ. ಬಯೋಡಾಟಾ ಎನ್ನಿ, ರೆಸ್ಯೂಮೆ ಎನ್ನಿ, ಸ್ವವಿವರವೆನ್ನಿ. ಆ ಹಾಳೆಗೂ ಕಾರಣಿಕಕ್ಕೂ ಒಂದು ಹೋಲಿಕೆಯುಂಟು, ಒಂದು ಭೇದವೂ ಉಂಟು. ಎರಡರಲ್ಲಿಯೂ ಬಹಳವನ್ನು ಸ್ವಲ್ಪದರಲ್ಲಿ ಹೇಳಬೇಕು, ಇದು ಹೋಲಿಕೆ. ಕಾರಣಿಕದ ನುಡಿಗೆ ಅರ್ಥ ಹಚ್ಚಲು ಸಾವಿರ ಜನರಿದ್ದಾರೆ, ಬಯೋಡಾಟಾಕ್ಕೆ ಅರ್ಥ ಹೇಳುವವರು ಯಾರೂ ಇಲ್ಲ, ಇದು ಭೇದ. ಬರೆದವನು ಊರಿನಲ್ಲಿರುತ್ತಾನೆ, ಹಾಳೆ ಒಬ್ಬಂಟಿಯಾಗಿ ಅಪರಿಚಿತನ ಮೇಜಿನ ಮೇಲೆ ಬಿದ್ದಿರುತ್ತದೆ. ಅದು ತಾನೇ ಬಾಯಿಬಿಟ್ಟು ಹೇಳಬೇಕು. ಹೇಳಿದ್ದು ಒಂದೇ ಸಲಕ್ಕೆ ತಿಳಿಯಬೇಕು.

ಹೆಸರು ಮೂರು, ಹುರುಳು ಒಂದು

‘ರೆಸ್ಯೂಮೆ’ ಎಂಬುದು ಫ್ರೆಂಚ್ ಮಾತು. ಸಂಗ್ರಹಿಸಿದ್ದು ಎಂದು ಅದರ ಅರ್ಥ. ‘ಕರಿಕ್ಯುಲಂ ವಿಟೇ’ ಎಂಬುದು ಲ್ಯಾಟಿನ್; ಬಾಳಿನ ಓಟ ಎಂದು ಕನ್ನಡಿಸಬಹುದು. ವಿದ್ವಾಂಸರೂ ವೈದ್ಯರೂ ತಮ್ಮ ಪ್ರಕಟಣೆಗಳನ್ನೆಲ್ಲ ಪಟ್ಟಿಮಾಡಿ ಬರೆಯುವ ಉದ್ದನೆಯ ವಿವರಕ್ಕೆ ಈ ಎರಡನೆಯ ಹೆಸರು ಒಪ್ಪುತ್ತದೆ. ನಮ್ಮ ಕಡೆ ಬಳಕೆಯಲ್ಲಿರುವ ‘ಬಯೋಡಾಟಾ’ ಜನನ ದಿನಾಂಕ, ತಂದೆಯ ಹೆಸರು, ಜಾತಿ, ಎತ್ತರ, ಮೈಬಣ್ಣಗಳವರೆಗೂ ಹಬ್ಬಿಕೊಂಡು, ವಧೂವರರ ಕಡೆಯವರು ಪರಸ್ಪರ ಕಳುಹಿಸಿಕೊಳ್ಳುವ ಹಾಳೆಗೂ ಹೆಸರಾಗಿದೆ. ನೌಕರಿಯ ಹಾಳೆ ಕೆಡುವುದು ಬಹುಮಟ್ಟಿಗೆ ಈ ಗೊಂದಲದಿಂದಲೇ. ಮದುವೆಯ ಹಾಳೆ ‘ನಾನು ಯಾರ ಮಗ’ ಎಂಬುದನ್ನು ಹೇಳುತ್ತದೆ. ನೌಕರಿಯ ಹಾಳೆ ‘ನಾನು ಏನು ಮಾಡಬಲ್ಲೆ’ ಎಂಬುದನ್ನು ಹೇಳಬೇಕು.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಸರಕಾರಿ ನೇಮಕಾತಿಗೆ ಈ ಹಾಳೆಯಿಂದ ಪ್ರಯೋಜನ ಅತ್ಯಲ್ಪ. ಲೋಕಸೇವಾ ಆಯೋಗವಾಗಲಿ ಪರೀಕ್ಷಾ ಪ್ರಾಧಿಕಾರವಾಗಲಿ ತಮ್ಮದೇ ನಮೂನೆಯನ್ನು ಅಂತರ್ಜಾಲದಲ್ಲಿ ತುಂಬಿಸಿಕೊಳ್ಳುತ್ತವೆ. ಅಲ್ಲಿ ಎಣಿಕೆಗೆ ಬರುವುದು ಪರೀಕ್ಷೆಯ ಅಂಕ, ಮೀಸಲಾತಿಯ ದಾಖಲೆ, ಗ್ರಾಮೀಣ ಅಭ್ಯರ್ಥಿ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳು. ಆದರೆ ರಾಣೆಬೆನ್ನೂರಿನ ಬೀಜದ ಕಂಪನಿಗಳು, ಕುಮಾರಪಟ್ಟಣದ ಕಾರ್ಖಾನೆ, ಖಾಸಗಿ ಶಾಲೆ, ಆಸ್ಪತ್ರೆ, ಸಹಕಾರಿ ಸಂಘ, ಹುಬ್ಬಳ್ಳಿ ಬೆಂಗಳೂರುಗಳ ಕಚೇರಿ, ಇಲ್ಲೆಲ್ಲ ಮೊದಲ ಬಾಗಿಲು ಈ ಹಾಳೆಯೇ. ಪರೀಕ್ಷೆಯ ಫಲವನ್ನು ಕಾಯುತ್ತ ವರ್ಷಗಳನ್ನು ಕಳೆಯುವ ತರುಣರಿಗೆ ಈ ಬಾಗಿಲೂ ತೆರೆದಿದೆಯೆಂಬುದು ಮರೆತುಹೋಗುವುದುಂಟು.

ಅಂಗಡಿಯಲ್ಲಿ ಸಿಗುವ ಬಯೋಡಾಟಾ

ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನ ಬಳಿ ಝೆರಾಕ್ಸ್ ಅಂಗಡಿಗಳ ಸಾಲೊಂದು ಇದ್ದೇ ಇರುತ್ತದೆ. ಅಲ್ಲಿ ನಿಂತರೆ ಇಂಥ ಸಂಭಾಷಣೆ ಕಿವಿಗೆ ಬಿದ್ದೀತು:

“ಅಣ್ಣಾರ, ನನಗೊಂದು ಬಯೋಡಾಟಾ ಬೇಕಾಗಿತ್ರಿ.”

“ಹೆಸರು, ಊರು, ಮಾರ್ಕ್ಸು ಹೇಳಪ್ಪಾ. ಉಳಿದದ್ದೆಲ್ಲಾ ಕಂಪ್ಯೂಟರಿನಾಗ ಐತಿ.”

ಉಳಿದದ್ದೆಲ್ಲ ಕಂಪ್ಯೂಟರಿನಲ್ಲಿದೆ! ಅಂದರೆ, ಈ ತರುಣನು ಬರುವ ಮೊದಲೇ ಅವನ ಧ್ಯೇಯ, ಅವನ ಗುಣ, ಅವನ ಹವ್ಯಾಸ ಎಲ್ಲವೂ ಸಿದ್ಧವಾಗಿ ಕುಳಿತಿವೆ. ಅವನಿಗಿಂತ ಹಿಂದೆ ಬಂದ ನೂರು ಜನಕ್ಕೂ ಅವೇ ಸಂದಿವೆ. ಪ್ರತಿಷ್ಠಿತ ಸಂಸ್ಥೆಯೊಂದರಲ್ಲಿ ಸವಾಲಿನ ಹುದ್ದೆಯನ್ನು ಪಡೆದು ಸಂಸ್ಥೆಯೊಡನೆ ತಾನೂ ಬೆಳೆಯುವುದು ಅವನ ಧ್ಯೇಯ. ಪರಿಶ್ರಮ, ಪ್ರಾಮಾಣಿಕತೆ, ಕೂಡಿ ದುಡಿಯುವ ಸ್ವಭಾವ ಅವನ ಬಲ. ಸಂಗೀತ ಕೇಳುವುದು, ಕ್ರಿಕೆಟ್ ಆಡುವುದು ಹವ್ಯಾಸ. ಕಟ್ಟಕಡೆಗೆ, ‘ಮೇಲೆ ಹೇಳಿರುವುದೆಲ್ಲವೂ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ’ ಎಂಬ ಪ್ರಮಾಣ, ಅದರ ಕೆಳಗೆ ಸಹಿ. ಮೇಲಿನದೆಲ್ಲ ಪರರ ಮಾತು. ಕೆಳಗಿನ ಸತ್ಯಪ್ರಮಾಣವೊಂದು ಮಾತ್ರ ಇವನದು!

ಅಂಗಡಿಯವರನ್ನು ದೂರಿ ಫಲವಿಲ್ಲ. ಅವರು ಬೆರಳಚ್ಚಿನ ಕೂಲಿಗೆ ಬೆರಳಚ್ಚು ಮಾಡಿಕೊಡುತ್ತಾರೆ. ಈಗಂತೂ ಕೈಯಲ್ಲಿಯ ಮೊಬೈಲಿಗೆ ಹೇಳಿದರೆ ಕೃತಕ ಬುದ್ಧಿಮತ್ತೆಯೇ ಕ್ಷಣಾರ್ಧದಲ್ಲಿ ಬಯೋಡಾಟಾ ಬರೆದುಕೊಡುತ್ತದೆ. ಅದರ ಇಂಗ್ಲಿಷು ಅಂಗಡಿಯ ಇಂಗ್ಲಿಷಿಗಿಂತ ಶುದ್ಧವಾದೀತು. ಆದರೆ ಬರೆಸುವವನು ತನ್ನ ವಿಷಯವನ್ನು ತಾನು ಹೇಳದಿದ್ದರೆ ಅದು ತಾನೆ ಎಲ್ಲಿಂದ ತಂದೀತು? ಅದೂ ಗುಣವಾಚಕಗಳನ್ನೇ ಪೋಣಿಸಿ ಕೊಡುತ್ತದೆ.

ಈ ಹಾಳೆಯನ್ನು ಓದುವವನ ಸ್ಥಿತಿಯನ್ನೂ ಎಣಿಸಬೇಕು. ಅವನ ಮುಂದೆ ಒಂದು ಹುದ್ದೆಗೆ ಹತ್ತಾರು, ನೂರಾರು ಹಾಳೆಗಳಿವೆ. ಎಲ್ಲರೂ ಪರಿಶ್ರಮಿಗಳು, ಎಲ್ಲರೂ ಪ್ರಾಮಾಣಿಕರು. ಎಲ್ಲರಿಗೂ ಸಲ್ಲುವ ಮಾತು ಯಾರೊಬ್ಬರನ್ನೂ ಗುರುತಿಸಿಕೊಡಲಾರದು. ಆಗ ಅವನು ಅಂಕಗಳನ್ನಷ್ಟೇ ನೋಡಿ ಹಾಳೆಗಳನ್ನು ವಿಂಗಡಿಸುತ್ತಾನೆ. ಅಂಕದಲ್ಲಿ ನಡುವಿನವನಾಗಿ ಕೆಲಸದಲ್ಲಿ ಗಟ್ಟಿಗನಾದ ಹಳ್ಳಿಯ ಹುಡುಗನಿಗೆ ಇದರಿಂದಾಗುವ ನಷ್ಟ ದೊಡ್ಡದು. ಅವನ ಬಳಿಯಿದ್ದ ಒಂದೇ ಒಂದು ಬಂಡವಾಳವೆಂದರೆ ಅವನು ಕೈಯಾರೆ ಮಾಡಿದ ಕೆಲಸ. ಅದನ್ನೇ ಅವನು ಬರೆಯದೆ ಬಿಟ್ಟಿದ್ದಾನೆ.

ಹೊಗಳಿಕೆ ಮತ್ತು ಪುರಾವೆ

ತನ್ನನ್ನು ತಾನು ಹೇಳಿಕೊಳ್ಳುವುದು ತಪ್ಪೆಂಬ ಸಂಕೋಚ ನಮ್ಮ ಜನರಲ್ಲಿ ಆಳವಾಗಿದೆ. ನಮ್ಮ ಹಿಂದಿನವರಿಗೆ ಆ ಸಂಕೋಚವಿದ್ದಂತೆ ತೋರುವುದಿಲ್ಲ. ಐಹೊಳೆಯ ಮೇಗುತಿ ಗುಡಿಯಲ್ಲಿ ೬೩೪ರ ಶಾಸನವೊಂದಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಅದರಲ್ಲಿ ವರ್ಣಿಸಿದ ಕವಿ ರವಿಕೀರ್ತಿ, ಕಾವ್ಯದಲ್ಲಿ ತನಗೆ ಕಾಳಿದಾಸ ಭಾರವಿಗಳ ಕೀರ್ತಿ ಸಂದಿದೆಯೆಂದು ಕಲ್ಲಿನ ಮೇಲೆಯೇ ಕೊರೆಯಿಸಿಕೊಂಡನು. ಇದು ಆತ್ಮಪ್ರಶಂಸೆಯೇ ಸರಿ. ಆದರೆ ಗಮನಿಸಬೇಕಾದುದು ಇನ್ನೊಂದಿದೆ. ಅವನ ಹೇಳಿಕೆಯೂ ಅವನ ಕವಿತೆಯೂ ಇರುವುದು ಒಂದೇ ಕಲ್ಲಿನ ಮೇಲೆ. ‘ನಾನು ಸಮರ್ಥ’ ಎಂದವನು ಅದರ ಪುರಾವೆಯನ್ನು ಅಲ್ಲೇ ಮುಂದಿಟ್ಟಿದ್ದಾನೆ. ಓದುಗನು ಒರೆಗೆ ಹಚ್ಚಿ ನೋಡಿಕೊಳ್ಳಬಹುದು. ನಮ್ಮ ಬಯೋಡಾಟಾಗಳಲ್ಲಿ ಹೇಳಿಕೆಯಿದೆ, ಕವಿತೆಯಿಲ್ಲ.

ಇನ್ನೊಬ್ಬನನ್ನೂ ನೆನೆಯಬೇಕು. ೯೯೩ರಲ್ಲಿ ಅಜಿತಪುರಾಣವನ್ನು ಬರೆದ ರನ್ನನು ತನ್ನ ಊರು ಮುದುವೊಳಲು, ಅಂದರೆ ಇಂದಿನ ಮುಧೋಳ, ಎಂದೂ ತಾನು ಬಳೆಗಾರರ ಕುಲದವನೆಂದೂ ಹೇಳಿಕೊಂಡಿದ್ದಾನೆ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಗುರು ಅಜಿತಸೇನಾಚಾರ್ಯ, ಆಶ್ರಯವಿತ್ತ ಅತ್ತಿಮಬ್ಬೆ, ಎಲ್ಲರೂ ಅವನ ಮಾತಿನಲ್ಲಿ ಬರುತ್ತಾರೆ. ಕವಿಚಕ್ರವರ್ತಿಯೆನಿಸಿದವನಿಗೆ ಬಳೆ ಮಾರುವ ಮನೆಯಿಂದ ಬಂದದ್ದು ಮುಚ್ಚಿಡಬೇಕಾದ ವಿಷಯವಾಗಲಿಲ್ಲ. ಇಂದಿನ ಪದವೀಧರನು ಮಾತ್ರ ಮೆಣಸಿನಕಾಯಿಯ ದಲಾಲಿ ಅಂಗಡಿಯಲ್ಲಿ ಮೂರು ಹಂಗಾಮು ಲೆಕ್ಕ ಬರೆದದ್ದನ್ನು ಬಚ್ಚಿಟ್ಟು ‘ಅನುಭವ: ಇಲ್ಲ’ ಎಂದು ಬರೆಯುತ್ತಾನೆ. ಸಂಬಳದ ಚೀಟಿಯಿಲ್ಲದ ದುಡಿಮೆ ಅನುಭವವಲ್ಲವೆಂದು ಅವನಿಗೆ ಯಾರು ಹೇಳಿಕೊಟ್ಟರೋ ತಿಳಿಯದು.

ಬೀಜದ ಪ್ಲಾಟಿನ ಪದವೀಧರೆ

ಮಾತನ್ನು ಉದಾಹರಣೆಯಿಂದ ವಿಶದಪಡಿಸೋಣ. ದೇವರಗುಡ್ಡದ ಆಸುಪಾಸಿನ ಒಬ್ಬ ಬಿ.ಕಾಂ. ಪದವೀಧರೆಯನ್ನು ಕಲ್ಪಿಸಿಕೊಳ್ಳಿ. ಅವಳ ಮನೆಯವರು ಕಂಪನಿಯೊಂದಕ್ಕೆ ಹತ್ತಿಯ ಹೈಬ್ರಿಡ್ ಬೀಜ ಬೆಳೆದುಕೊಡುತ್ತಾರೆ. ೧೯೭೨ರಲ್ಲಿ ಧಾರವಾಡದಲ್ಲಿ ಕಟರಕಿಯವರು ‘ವರಲಕ್ಷ್ಮಿ’ ಎಂಬ ಹತ್ತಿಯ ಸಂಕರ ತಳಿಯನ್ನು ಸಿದ್ಧಪಡಿಸಿದ ಕಾಲದಿಂದ ಈ ಭಾಗದ ರೈತರಿಗೆ ಸಂಕರ ಬೀಜದ ಮಾತು ಹೊಸದಲ್ಲ. ರಾಣೆಬೆನ್ನೂರು ಇಂದು ಬೀಜದ ವ್ಯಾಪಾರಕ್ಕೆ ಹೆಸರಾದ ಊರು. ಈ ಕೆಲಸ ಬಲು ನಾಜೂಕಿನದು. ಸಂಜೆ ಹೆಣ್ಣುಸಾಲಿನ ಮೊಗ್ಗುಗಳನ್ನು ಬಿಡಿಸಿ ಅವುಗಳ ಗಂಡುಕೇಸರವನ್ನು ತೆಗೆದಿಡಬೇಕು. ಮರುದಿನ ಬೆಳಗ್ಗೆ ಗಂಡುಸಾಲಿನ ಹೂವಿನ ಪರಾಗವನ್ನು ತಂದು ಮುಟ್ಟಿಸಬೇಕು. ಮುಟ್ಟಿಸಿದ ಹೂವಿಗೆ ದಾರ ಕಟ್ಟಿ ಗುರುತಿಡಬೇಕು. ಬೆರಕೆ ಗಿಡ ಕಂಡಲ್ಲಿ ಕಿತ್ತೆಸೆಯಬೇಕು. ಒಂದು ಸಂಜೆ ಉದಾಸೀನವಾದರೆ ಬೀಜದ ಶುದ್ಧತೆ ಕೆಡುತ್ತದೆ. ಕಂಪನಿಯ ಪರೀಕ್ಷೆಯಲ್ಲಿ ಬೀಜ ಬಿದ್ದುಹೋದರೆ ಇಡೀ ಹಂಗಾಮಿನ ದುಡಿಮೆ ಮಣ್ಣುಪಾಲು.

ಈ ತರುಣಿ ಕಾಲೇಜಿಗೆ ಹೋಗುತ್ತಲೇ ಮೂರು ಹಂಗಾಮು ಆ ಪ್ಲಾಟನ್ನು ನೋಡಿಕೊಂಡಿದ್ದಾಳೆ. ಆಳುಗಳ ಹಾಜರಿ ಬರೆದಿದ್ದಾಳೆ. ವಾರದ ಬಟವಾಡೆ ಮಾಡಿದ್ದಾಳೆ. ಕಂಪನಿಯ ಮೇಲ್ವಿಚಾರಕರು ಬಂದಾಗ ಲೆಕ್ಕ ಒಪ್ಪಿಸಿದವಳೂ ಇವಳೇ, ಏಕೆಂದರೆ ಅವ್ವ ಅಪ್ಪನಿಗೆ ಓದುಬರಹ ಅಷ್ಟಕ್ಕಷ್ಟೆ. ಈಗ ಅದೇ ತರಹದ ಕಂಪನಿಯೊಂದರ ಕ್ಷೇತ್ರ ಸಹಾಯಕಿಯ ಹುದ್ದೆಗೆ ಅವಳು ಕಳುಹಿಸುವ ಬಯೋಡಾಟಾದಲ್ಲಿ ಏನಿದೆ? ‘ಪರಿಶ್ರಮಿ. ನಾಯಕತ್ವದ ಗುಣವುಳ್ಳವಳು. ಒತ್ತಡದಲ್ಲಿಯೂ ದುಡಿಯಬಲ್ಲವಳು. ಅನುಭವ: ಇಲ್ಲ.’

ಇದನ್ನೇ ಹೀಗೆ ಬರೆಯಬಹುದಲ್ಲವೆ?

‘ಬಯಸುವ ಹುದ್ದೆ: ಕ್ಷೇತ್ರ ಸಹಾಯಕಿ. ಮಾಡಿದ ಕೆಲಸ: ಮನೆಯ ಅರ್ಧ ಎಕರೆ ಹತ್ತಿ ಬೀಜದ ಪ್ಲಾಟಿನ ಉಸ್ತುವಾರಿ, ಮೂರು ಹಂಗಾಮು. ದಿನಕ್ಕೆ ಎಂಟರಿಂದ ಹತ್ತು ಆಳುಗಳ ಹಾಜರಿ ಪುಸ್ತಕವನ್ನು ಬರೆದು ಪ್ರತಿ ವಾರ ಕೂಲಿ ಬಟವಾಡೆ ಮಾಡಿದ್ದೇನೆ. ಮೊಗ್ಗು ಬಿಡಿಸುವುದು, ಪರಾಗ ಮುಟ್ಟಿಸುವುದು, ಬೆರಕೆ ಗಿಡ ತೆಗೆಯುವುದು, ಈ ಮೂರನ್ನೂ ಬಲ್ಲೆ. ಹೊಸ ಆಳುಗಳಿಗೆ ಕಲಿಸಿದ್ದೇನೆ. ಮೂರು ಹಂಗಾಮಿನಲ್ಲಿಯೂ ನಮ್ಮ ಬೀಜ ಕಂಪನಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ. ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಟ್ಟಿದ್ದೇನೆ. ಸಂದರ್ಶನಕ್ಕೆ ತಂದು ತೋರಿಸಬಲ್ಲೆ.’

ಪರಿಶ್ರಮಿ, ನಾಯಕಿ ಎಂಬ ಮಾತುಗಳು ಇಲ್ಲಿ ಎಲ್ಲಿಯೂ ಇಲ್ಲ. ಆದರೆ ಓದಿದವನು ಆ ಮಾತುಗಳನ್ನು ತಾನಾಗಿಯೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾನೆ. ಇಡೀ ವಿದ್ಯೆಯ ಸಾರ ಇಷ್ಟೆ: ಗುಣವನ್ನು ಹೇಳಬೇಡಿ, ಗುಣ ಕಾಣುವಂತಹ ಕೆಲಸವನ್ನು ಹೇಳಿ. ‘ಎಷ್ಟು, ಎಲ್ಲಿ, ಎಷ್ಟು ದಿನ, ಏನಾಯಿತು’ ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರತಿಯೊಂದು ಸಾಲಿಗೂ ಕೇಳಿರಿ. ಉತ್ತರವಿಲ್ಲದ ಸಾಲನ್ನು ಹೊಡೆದುಹಾಕಿರಿ. ದಲಾಲಿ ಅಂಗಡಿಯ ಹುಡುಗನೂ ಹೀಗೆಯೇ ಬರೆಯಬಹುದು: ಬಂದ ಚೀಲಗಳ ನೋಂದಣಿ, ತೂಕದ ಚೀಟಿ, ಟೆಂಡರಿನ ದರ, ಹಮಾಲಿ ಕಳೆದು ರೈತನ ಕೈಗೆ ಕೊಟ್ಟ ಪಟ್ಟಿ. ಇದು ಲೆಕ್ಕಪತ್ರದ ಅನುಭವವಲ್ಲದೆ ಮತ್ತೇನು? ಜಾತ್ರೆಯಲ್ಲಿ ಎನ್.ಎಸ್.ಎಸ್. ಸ್ವಯಂಸೇವಕರಾಗಿ ನೀರು ಹಂಚಿದವರು, ಜನಸಂದಣಿಯನ್ನು ನಿಭಾಯಿಸಿದವರು ಅದನ್ನೂ ಒಂದು ಸಾಲಿನಲ್ಲಿ ಬರೆಯಲಿ.

ಓದಿನ ನಡುವೆ ಬಿಡುವಾದ ವರ್ಷಗಳ ವಿಷಯವೂ ಹೀಗೆಯೆ. ತಂದೆಯ ಕಾಯಿಲೆ, ಮದುವೆ, ಹೆರಿಗೆ, ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿ, ಯಾವುದರಿಂದಲಾದರೂ ಎರಡು ವರ್ಷ ಖಾಲಿಯಾಗಿದ್ದರೆ ದಿನಾಂಕವನ್ನು ತಿದ್ದಿ ಮುಚ್ಚಬಾರದು. ‘ಮನೆಯ ಜವಾಬ್ದಾರಿಯ ನಿಮಿತ್ತ ಎರಡು ವರ್ಷ ಬಿಡುವು’ ಎಂಬ ಒಂದು ಸಾಲು ಸಾಕು. ಮುಚ್ಚಿದ್ದು ಸಂದರ್ಶನದಲ್ಲಿ ಬಯಲಾದರೆ ಉಳಿದ ನಿಜವೂ ಸುಳ್ಳಾಗಿ ಕಾಣುತ್ತದೆ.

ಓದುವವನಿಗೆ ಬೇಕಾದುದು

ಇದ್ದುದನ್ನೆಲ್ಲ ಬರೆದರಾಯಿತೆ? ಇಲ್ಲ. ಕೊಳ್ಳುವವನು ಯಾರೆಂಬುದನ್ನು ಅರಿತು ಸರಕನ್ನು ಮುಂದಿಡಬೇಕು. ಇದನ್ನು ಬ್ಯಾಡಗಿಯ ಮಾರುಕಟ್ಟೆಯನ್ನು ಕಂಡವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ೨೦೧೧ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಸರಿರುವುದು ಖಾರಕ್ಕಲ್ಲ, ಬಣ್ಣಕ್ಕೆ. ಅದರ ಕೆಂಪನ್ನು ಎಣ್ಣೆಯ ರೂಪದಲ್ಲಿ ಹಿಂಡಿ ತಿನಿಸುಗಳಿಗೂ ತುಟಿಬಣ್ಣಗಳಿಗೂ ಬಳಸುತ್ತಾರೆ. ಬಣ್ಣಕ್ಕಾಗಿ ಬಂದ ಖರೀದಿದಾರನ ಮುಂದೆ ಖಾರವನ್ನು ಹೊಗಳಿದರೆ ಅವನು ಮುಂದಿನ ರಾಶಿಗೆ ಹೋಗುತ್ತಾನೆ. ಖಾರ ಬೇಕಾದವನು ಗುಂಟೂರಿನ ಕಾಯಿಯನ್ನು ಕೇಳಿಕೊಂಡು ಬರುತ್ತಾನೆ. ಕಾಯಿಯನ್ನು ಬದಲಿಸಲಾಗದು, ಯಾವ ಗುಣವನ್ನು ಮೊದಲು ಹೇಳಬೇಕೆಂಬುದನ್ನು ಆರಿಸಿಕೊಳ್ಳಬಹುದು.

ಇದಕ್ಕೆ ಜಗತ್ಪ್ರಸಿದ್ಧವಾದ ನಿದರ್ಶನವೊಂದು ಇಟಲಿಯಲ್ಲಿದೆ. ಸುಮಾರು ೧೪೮೨ರಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಪ್ರಭು ಲುದೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಬರೆದ ಪತ್ರದ ಕರಡು ಇಂದಿಗೂ ಉಳಿದಿದೆ. ಆಗ ಅವನಿಗೆ ಮೂವತ್ತರ ವಯಸ್ಸು. ಮುಂದೆ ಲೋಕವೇ ತಲೆದೂಗಿದ ಆ ಚಿತ್ರಕಾರನು ಪತ್ರವನ್ನು ಚಿತ್ರಕಲೆಯಿಂದ ಆರಂಭಿಸಲಿಲ್ಲ. ಮಿಲಾನಿಗೆ ಬೇಕಾಗಿದ್ದುದು ಯುದ್ಧದ ಸಿದ್ಧತೆ. ಆದುದರಿಂದ ಒಂದು, ಎರಡು, ಮೂರು ಎಂದು ಅಂಕೆ ಹಾಕಿ, ಹೊತ್ತೊಯ್ಯಬಹುದಾದ ಹಗುರ ಸೇತುವೆ, ಕೋಟೆ ಮುತ್ತುವ ಉಪಾಯ, ಸುರಂಗ, ಫಿರಂಗಿ, ಮುಚ್ಚಿದ ರಥಗಳನ್ನು ತಾನು ಮಾಡಬಲ್ಲೆನೆಂದು ಬರೆದನು. ಹತ್ತನೆಯ ಅಂಕೆಯಲ್ಲಿ, ಶಾಂತಿಕಾಲಕ್ಕೆ ಕಟ್ಟಡ ಕಟ್ಟುವುದು, ನೀರು ಹಾಯಿಸುವುದು. ಶಿಲ್ಪ ಮತ್ತು ಚಿತ್ರದ ಪ್ರಸ್ತಾಪ ಅದರ ಮೇಲೆ. ಇದರಲ್ಲಿ ಯಾವುದಾದರೂ ಅಸಾಧ್ಯವೆನಿಸಿದರೆ ತಮ್ಮ ಉದ್ಯಾನದಲ್ಲೇ ಮಾಡಿತೋರಿಸಲು ಸಿದ್ಧನಿದ್ದೇನೆಂಬುದು ಕೊನೆಯ ಮಾತು. ಓದುವವನ ಅಗತ್ಯ ಮೊದಲು, ಅಂಕೆ ಹಾಕಿದ ಸಣ್ಣ ಸಣ್ಣ ಕಂಡಿಕೆ, ಕಡೆಗೆ ಪರೀಕ್ಷೆಗೆ ಆಹ್ವಾನ: ಐದು ಶತಮಾನಗಳ ಹಿಂದಿನ ಈ ಕಟ್ಟನ್ನು ಇಂದಿನ ಉದ್ಯೋಗಾರ್ಥಿಯೂ ಅನುಸರಿಸಬಹುದು.

ಆದಕಾರಣ ಒಂದೇ ಹಾಳೆಯನ್ನು ಐವತ್ತು ಪ್ರತಿ ತೆಗೆಸಿ ಹಂಚುವುದು ಸಲ್ಲದು. ಜಾಹೀರಾತನ್ನು ಎರಡು ಸಲ ಓದಿ, ಅದರಲ್ಲಿ ಕೇಳಿರುವ ಕೆಲಸಗಳಿಗೆ ಗೆರೆ ಎಳೆಯಿರಿ. ಅವುಗಳಲ್ಲಿ ನೀವು ನಿಜವಾಗಿ ಮಾಡಿರುವುದನ್ನು ಮೇಲಕ್ಕೆ ತನ್ನಿ. ಅವರು ಬಳಸಿದ ಪದವನ್ನೇ ನೀವೂ ಬಳಸಿರಿ. ದೊಡ್ಡ ಕಂಪನಿಗಳಲ್ಲಿ ಈಚೆಗೆ ಮೊದಲ ಸುತ್ತಿನಲ್ಲಿ ಹಾಳೆಯನ್ನು ಮನುಷ್ಯನ ಬದಲು ಕಂಪ್ಯೂಟರು ಓದುವುದುಂಟು. ಅದು ಹುಡುಕುವುದು ಪದಗಳನ್ನು. ಬಣ್ಣದ ಚೌಕಟ್ಟು, ಚಿತ್ರ, ಅಕ್ಕಪಕ್ಕದ ಕಾಲಮ್ಮುಗಳು ಅದನ್ನು ತಬ್ಬಿಬ್ಬುಗೊಳಿಸುತ್ತವೆ. ಸಾದಾ ಹಾಳೆ, ಸಾದಾ ಅಕ್ಷರ ಮೇಲು.

ಅನುಕ್ರಮ ಮತ್ತು ಭಾಷೆ

ಮೊದಲು ಹೆಸರು. ಅದು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ. ಅಂಕಪಟ್ಟಿಯಲ್ಲಿ ಊರಿನ ಹೆಸರು ಮುಂದೆ, ಆಧಾರದಲ್ಲಿ ತಂದೆಯ ಹೆಸರು ಹಿಂದೆ, ಬಯೋಡಾಟಾದಲ್ಲಿ ಎರಡೂ ಇಲ್ಲ, ಹೀಗಾದರೆ ದಾಖಲೆಗಳನ್ನು ತಾಳೆ ನೋಡುವಾಗ ತೊಂದರೆ ತಪ್ಪದು. ಆಮೇಲೆ ಸದಾ ಕೈಗೆ ಸಿಗುವ ಫೋನಿನ ಅಂಕೆ, ಹೆಸರನ್ನೇ ಒಳಗೊಂಡ ಗಂಭೀರವಾದ ಈ-ಮೇಲ್ ವಿಳಾಸ, ಊರು, ತಾಲ್ಲೂಕು. ಅನಂತರ ಬಯಸುವ ಹುದ್ದೆ, ಮಾಡಿದ ಕೆಲಸ, ಓದು (ಕೊನೆಯ ಪದವಿ ಮೊದಲು), ಬಲ್ಲ ಯಂತ್ರ ತಂತ್ರಗಳು, ಬಲ್ಲ ಭಾಷೆಗಳು. ಹೊಸ ಪದವೀಧರರಿಗೆ ಒಂದು ಪುಟ ಧಾರಾಳವಾಗಿ ಸಾಕು. ಜೊತೆಗೆ ನಾಲ್ಕೈದು ವಾಕ್ಯಗಳ ಒಂದು ಪತ್ರ: ಯಾವ ಹುದ್ದೆ, ಎಲ್ಲಿ ಕಂಡಿರಿ, ನೀವೇಕೆ ಒಪ್ಪುವಿರಿ, ಯಾವಾಗ ಬರಬಲ್ಲಿರಿ.

ಇಂಗ್ಲಿಷೋ ಕನ್ನಡವೋ? ಜಾಹೀರಾತಿನ ಭಾಷೆಯೇ ಉತ್ತರದ ಭಾಷೆ. ಆದರೆ ಇಂಗ್ಲಿಷಿನಲ್ಲಿ ಕಳುಹಿಸುವ ಹಾಳೆಯನ್ನೂ ಮೊದಲು ಕನ್ನಡದಲ್ಲಿ ಬರೆಯುವುದು ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಹಿತ. ತಾಯಿನುಡಿಯಲ್ಲಿ ಬರೆಯುವಾಗ ಹುಸಿಮಾತು ನಾಲಗೆಗೆ ಬೇಗ ಸಿಕ್ಕಿಬೀಳುತ್ತದೆ. ‘ನಾನು ಚಲನಶೀಲ ವ್ಯಕ್ತಿ’ ಎಂದು ಕನ್ನಡದಲ್ಲಿ ಬರೆದು ನೋಡಿ. ನಿಮಗೇ ನಗು ಬಂದೀತು. ಆಮೇಲೆ ಬಲ್ಲವರ ನೆರವಿನಿಂದ ಇಂಗ್ಲಿಷಿಗೆ ತಿರುಗಿಸಿ. ಇಲ್ಲಿ ಒಂದೇ ನಿಯಮ: ನೀವು ಬಾಯಿಂದ ವಿವರಿಸಲಾರದ ಒಂದು ಪದವೂ ಆ ಹಾಳೆಯಲ್ಲಿ ಇರಬಾರದು. ಅರ್ಥವರಿಯದ ಪದವನ್ನು ಸಂದರ್ಶಕನು ಬೆರಳಿಟ್ಟು ಕೇಳಿದಾಗ ತಲೆತಗ್ಗಿಸಿ ನಿಲ್ಲುವ ತರುಣನಿಗೆ ಕೆಲಸ ಬರುತ್ತಿರಲಿಲ್ಲವೆಂದಲ್ಲ. ಎರವಲು ಮಾತು ಅವನಿಗೆ ಬರುತ್ತಿದ್ದ ಕೆಲಸವನ್ನೂ ಮರೆಮಾಡಿತು.

ಕನ್ನಡದಲ್ಲಿ ಕಳುಹಿಸುವವರಿಗೆ ಒಂದು ಎಚ್ಚರಿಕೆ. ನುಡಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಡತ, ಆ ಅಕ್ಷರಗಳಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿಸಿ, ಪಿಡಿಎಫ್ ಆಗಿ ಉಳಿಸಿ, ಬೇರೊಂದು ಫೋನಿನಲ್ಲಿ ತೆರೆದು ನೋಡಿದ ಮೇಲೆಯೇ ಕಳುಹಿಸಬೇಕು. ಕಡತಕ್ಕೂ ನಿಮ್ಮ ಹೆಸರನ್ನೇ ಇಡಿ.

ಬರೆಯಬಾರದ್ದು

ಆಧಾರ್ ಅಂಕೆ, ಪ್ಯಾನ್ ಅಂಕೆ, ಬ್ಯಾಂಕಿನ ಖಾತೆ, ಇವು ಯಾವುವೂ ಈ ಹಾಳೆಯಲ್ಲಿ ಇರಕೂಡದು. ಹಾಳೆ ಯಾರ ಯಾರ ಕೈ ದಾಟುವುದೋ ಬಲ್ಲವರಿಲ್ಲ. ಜಾತಿ, ಧರ್ಮ, ಮದುವೆ, ತೂಕ, ಎತ್ತರಗಳು ಹುದ್ದೆಗೆ ಸಂಬಂಧಿಸದಿದ್ದರೆ ಅನವಶ್ಯಕ. ಕೇಳದಿದ್ದರೆ ಭಾವಚಿತ್ರವೂ ಬೇಡ. ಪರಿಚಯಸ್ಥರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಬಾರದು.

ಸುಳ್ಳು ಪದವಿ, ತಿದ್ದಿದ ಅಂಕಪಟ್ಟಿಗಳ ಮಾತು ಬೇರೆ. ಅದು ಅಡ್ಡದಾರಿಯಷ್ಟೇ ಅಲ್ಲ, ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಇನ್ನು, ಬಯೋಡಾಟಾ ತಲುಪಿದ ಮರುದಿನವೇ ಫೋನು ಮಾಡಿ ‘ಕೆಲಸ ಖಾತ್ರಿ, ನೋಂದಣಿಯ ಹಣ ಕಟ್ಟಿ’ ಎಂದು ಹೇಳುವ ಮಹಾಶಯರುಂಟು. ಕೆಲಸ ಕೊಡುವವನು ಸಂಬಳ ಕೊಡುತ್ತಾನೆ. ಹಣ ಕೇಳುವವನು ಕೆಲಸ ಕೊಡುವವನಲ್ಲ. ಎಮ್ಮೆ ಮಾರಿದ ಹಣ ಹೀಗೆ ಕೈಬಿಟ್ಟುಹೋದ ಮನೆಯಲ್ಲಿ ಮುಂದಿನ ಮಗುವಿನ ಓದೇ ನಿಂತುಹೋಗುತ್ತದೆಂಬುದನ್ನು ತರುಣರು ನೆನಪಿನಲ್ಲಿಡಬೇಕು.

ಕಳುಹಿಸುವ ಮುನ್ನ

ಬರೆದು ಮುಗಿಸಿದ ಹಾಳೆಯನ್ನು ಒಂದು ರಾತ್ರಿ ಹಾಗೆಯೇ ಇಡಿ. ಬೆಳಗ್ಗೆ ಗಟ್ಟಿಯಾಗಿ ಓದಿ ತಪ್ಪುಗಳನ್ನು ತಿದ್ದಿರಿ. ಆಮೇಲೆ ನಿಮ್ಮನ್ನು ಅಷ್ಟಾಗಿ ಬಲ್ಲದ ಒಬ್ಬರ ಕೈಗೆ ಅದನ್ನು ಕೊಟ್ಟು, ಓದಿದ ಬಳಿಕ ಹಾಳೆಯನ್ನು ಮರಳಿ ತೆಗೆದುಕೊಂಡು, ‘ಇವರು ಏನು ಕೆಲಸ ಮಾಡಬಲ್ಲರು?’ ಎಂದು ಕೇಳಿರಿ. ಅವರು ತಡವರಿಸದೆ ಹೇಳಿದರೆ ಹಾಳೆ ಸಿದ್ಧವಾಗಿದೆ. ‘ಒಳ್ಳೆಯ ಹುಡುಗನಂತೆ ಕಾಣುತ್ತಾನೆ’ ಎಂದಷ್ಟೇ ಹೇಳಿದರೆ ಮತ್ತೊಮ್ಮೆ ಬರೆಯಬೇಕು.

ಇಷ್ಟೆಲ್ಲ ಮಾಡಿಯೂ ಉತ್ತರ ಬಾರದೆ ಹೋಗಬಹುದು. ಹುದ್ದೆಗಳು ಕೆಲವು, ಕೈಗಳು ಹಲವು. ಹಾಳೆಯೊಂದು ಹುದ್ದೆಯನ್ನು ಸೃಷ್ಟಿಸಲಾರದು. ನಿರಾಶೆಯ ಕಾಲದಲ್ಲಿಯೂ ಅದರಿಂದ ಒಂದು ಪ್ರಯೋಜನವುಂಟು. ‘ನನಗೆ ಏನೂ ಬಾರದು’ ಎಂದುಕೊಂಡಿದ್ದ ಹುಡುಗಿ, ತಾನು ಮೂರು ಹಂಗಾಮು ಹತ್ತು ಜನರ ಕೂಲಿಯನ್ನು ಒಂದು ಪೈಸೆಯ ವ್ಯತ್ಯಾಸವಿಲ್ಲದೆ ಹಂಚಿದ್ದನ್ನು ಮೊದಲ ಸಲ ಅಕ್ಷರದಲ್ಲಿ ಕಾಣುತ್ತಾಳೆ. ಆ ತಿಳಿವಳಿಕೆಯೊಡನೆ ಸಂದರ್ಶನದ ಕುರ್ಚಿಯಲ್ಲಿ ಕೂರುವುದೇ ಬೇರೆ. ಕಳುಹಿಸಿದ ಪ್ರತಿಯೊಂದು ಹಾಳೆಯ ದಿನಾಂಕ, ಹುದ್ದೆ, ವಿಳಾಸಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಹದಿನೈದು ದಿನ ಕಳೆದ ಮೇಲೆ ವಿನಯದಿಂದ ಒಮ್ಮೆ ವಿಚಾರಿಸಿರಿ. ಅಷ್ಟರಲ್ಲಿ ಹೊಸದಾಗಿ ಕಲಿತದ್ದು, ಮಾಡಿದ್ದು ಏನಾದರೂ ಇದ್ದರೆ ಮುಂದಿನ ಪ್ರತಿಯಲ್ಲಿ ಒಂದು ಸಾಲು ಸೇರಿಸಿರಿ.